ಸೋಫಾಕ್ಕೊಂದು ಅಂಗಿ

ಮಧ್ಯಮ ವರ್ಗದ ಮನೆಗಳ ನಡುಮನೆಯಲ್ಲಿ ಸೋಫಾ ಎಂಬುದು ಒಂದು ವಿಚಿತ್ರ ವಸ್ತು. ಕೂರುವುದಕ್ಕೆಂದು ಅದು ಮನೆಗೆ ಬರುತ್ತದೆ. ಬಂದ ಮರುದಿನದಿಂದ ಯಾರೂ ಕೂರಬಾರದ ವಸ್ತುವಾಗಿಬಿಡುತ್ತದೆ. ಅಂಗಡಿಯವನು ಸುತ್ತಿಕೊಟ್ಟ ಪ್ಲಾಸ್ಟಿಕ್ಕು ಮಖಮಲ್ಲಿನ ಮೇಲೆ ಹಾಗೆಯೇ ಉಳಿಯುತ್ತದೆ. ಬೇಸಿಗೆಯಲ್ಲಿ ಪ್ಲಾಸ್ಟಿಕ್ಕು ಮೈಗೆ ಅಂಟತೊಡಗಿದಾಗ ಅದರ ಮೇಲೆ ಒಂದು ಹಳೆಯ ಬೆಡ್‌ಶೀಟು ಬರುತ್ತದೆ. ಬೆಡ್‌ಶೀಟು ಕೊಳೆಯಾಗಬಾರದೆಂದು ಅದರ ಮೇಲೊಂದು ಟವೆಲ್ಲು. ನೆಂಟರು ಬರುವ ಸುದ್ದಿ ತಿಳಿದೊಡನೆ ಈ ಮೂರೂ ಒಂದರ ಹಿಂದೊಂದು ಮಾಯವಾಗುತ್ತವೆ. ನೆಂಟರು ಆಟೋ ಹತ್ತಿದೊಡನೆ ಮತ್ತೆ ಪ್ರತ್ಯಕ್ಷವಾಗುತ್ತವೆ. ಹೀಗೆ ಮನೆಯ ಅತ್ಯಂತ ದುಬಾರಿ ಬಟ್ಟೆಯ ಸುಖ ವರ್ಷಕ್ಕೆ ನಾಲ್ಕು ಸಲ ಬರುವವರಿಗೆ. ಹಣ ಕೊಟ್ಟವರಿಗೆ ಟವೆಲ್ಲು. ಮಕ್ಕಳಿಗೆ ನೆಲ.

ಇದು ಕೇವಲ ಈ ನಾಡಿನ ಚಾಳಿ ಎಂದು ಬೇಸರಪಡಬೇಕಾಗಿಲ್ಲ. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಸಿರಿವಂತರೂ ರೇಷ್ಮೆ ಹೊದಿಸಿದ ಕುರ್ಚಿಗಳಿಗೆ ಚೌಕಳಿಯ ಸಾದಾ ಗವಸು ತೊಡಿಸಿ, ದೊಡ್ಡ ಅತಿಥಿಗಳು ಬಂದಾಗ ಮಾತ್ರ ಅದನ್ನು ಕಳಚುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಗಂಡಸರಿಗೆ ತಲೆಗೆ ಮಕಾಸರ್ ಎಣ್ಣೆ ಹಚ್ಚುವ ಶೋಕಿ ಹತ್ತಿತು. ಇಂದಿನ ಇಂಡೋನೇಷ್ಯಾದ ಒಂದು ಬಂದರಿನ ಹೆಸರು ಹೊತ್ತ ಆ ಎಣ್ಣೆ ಕುರ್ಚಿಯ ಬೆನ್ನಿಗೆಲ್ಲ ಜಿಡ್ಡು ಬಳಿಯತೊಡಗಿದಾಗ, ಮನೆಯ ಹೆಂಗಸರು ತಲೆ ತಾಗುವ ಜಾಗಕ್ಕೆ ಒಗೆಯಬಹುದಾದ ಒಂದು ತುಂಡು ಬಟ್ಟೆ ಹೊದಿಸಿದರು. ಅದಕ್ಕೆ ‘ಆಂಟಿಮಕಾಸರ್’ ಎಂದೇ ಹೆಸರಾಯಿತು. ಕೊಬ್ಬರಿ ಎಣ್ಣೆ ಹಚ್ಚಿ ಬೈತಲೆ ತೆಗೆಯುವ ನಾಡಿಗೆ ಈ ಉಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಸಾಹೇಬರ ಕುರ್ಚಿಯ ಬೆನ್ನಿಗೆ ತೂಗುವ ಬಿಳಿಯ ಟರ್ಕಿ ಟವೆಲ್ಲನ್ನು ಜನ ಅಧಿಕಾರದ ಲಾಂಛನವೆಂದು ತಿಳಿದಿದ್ದರೂ, ಅದು ಮಾಡುವ ಕೆಲಸ ಆಂಟಿಮಕಾಸರ್ ಮಾಡಿದ್ದೇ.

ಆದರೆ ಹಳೆಯ ಮನೆಗಳ ಜಗಲಿಯಲ್ಲಿ ಇದಕ್ಕಿಂತ ಜಾಣ ಪೀಠವೊಂದಿತ್ತು. ಅದೇ ಆರಾಮ ಕುರ್ಚಿ. ಮರದ ಚೌಕಟ್ಟು, ನಡುವೆ ಜೋಲುವ ಒಂದು ಉದ್ದನೆಯ ಕ್ಯಾನ್ವಾಸ್ ತುಂಡು. ಬಟ್ಟೆಯ ಎರಡು ತುದಿಗಳನ್ನು ಮಡಿಚಿ ಹೊಲಿದಿರುತ್ತಾರೆ; ಮಡಿಕೆಯೊಳಗೆ ಒಂದೊಂದು ಮರದ ಕೋಲು. ಕೋಲು ಎಳೆದರೆ ಬಟ್ಟೆ ಕೈಗೆ ಬರುತ್ತದೆ. ಒಗೆಯುವ ಕಲ್ಲಿಗೆ ನಾಲ್ಕು ಸಲ ಬಡಿದು, ಬಿಸಿಲಿಗೆ ಹರವಿ, ಸಂಜೆಗೆ ಮತ್ತೆ ಕೋಲು ತೂರಿಸಿದರೆ ಕುರ್ಚಿ ಹೊಸದು. ಅಜ್ಜ ಅದರಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದರು, ಮೊಮ್ಮಗ ಅದರಲ್ಲೇ ನಿದ್ದೆ ಹೋಗುತ್ತಿದ್ದ. ಯಾರೂ ಯಾರನ್ನೂ ಏಳಿಸುತ್ತಿರಲಿಲ್ಲ. ಬಟ್ಟೆ ಗಟ್ಟಿಯಾಗಿತ್ತು, ಬಿಚ್ಚಲು ಬರುತ್ತಿತ್ತು, ಒಗೆಯಲು ಬರುತ್ತಿತ್ತು. ಆಸನದ ಬಟ್ಟೆಗೆ ಬೇಕಾದ ಗುಣಗಳು ಈ ಮೂರೇ. ಅಂದಚೆಂದ ನಾಲ್ಕನೆಯದು.

ನಾಲ್ಕನೆಯದನ್ನು ಮೊದಲನೆಯದು ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಒಂದು ಮನೆಯ ಕಥೆಯಿದೆ. ತಂದೆ ಹೈಸ್ಕೂಲು ಮೇಷ್ಟರು. ಇರುವುದು ಎರಡು ಕೋಣೆ. ಓದಲು ಬೆಳಕಿರುವ ಜಾಗವೆಂದರೆ ನಡುಮನೆಯ ಕಿಟಕಿಯ ಪಕ್ಕ. ಅಲ್ಲಿಯೇ ಕೆನೆ ಬಣ್ಣದ, ಹೊಳೆಯುವ ಹೂವಿನ ಬಟ್ಟೆಯ ಸೋಫಾ. ಒಂಬತ್ತನೇ ತರಗತಿಯ ಮಗಳು ಒಂದು ಸಂಜೆ ಕದ್ದು ಅದರ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಾಗ ಬಾಲ್‌ಪೆನ್ನು ಸೋರಿ ಅಂಗೈ ಅಗಲದ ನೀಲಿ ಕಲೆಯಾಯಿತು. ಹುಡುಗಿ ಗಾಬರಿಯಿಂದ ದಿಂಬನ್ನು ತಿರುಗಿಸಿಟ್ಟಳು. ಎರಡು ತಿಂಗಳ ನಂತರ ಆರನೇ ತರಗತಿಯ ತಮ್ಮ ಅದೇ ದಿಂಬಿನ ಮೇಲೆ ಕಾಫಿ ಚೆಲ್ಲಿದ. ಅವನೂ ದಿಂಬನ್ನು ತಿರುಗಿಸಿದ. ಕೆಳಗೆ ನೀಲಿ ಕಲೆ! ಅಂದಿನಿಂದ ಅಕ್ಕ ತಮ್ಮ ಇಬ್ಬರೂ ಒಬ್ಬರ ಗುಟ್ಟನ್ನು ಇನ್ನೊಬ್ಬರು ಕಾಯುತ್ತ, ಕಾಫಿ ಕಲೆಯ ಮೇಲೆ ಸರದಿಯಂತೆ ಕೂರತೊಡಗಿದರು. ಅಪ್ಪ ಅಮ್ಮ ಕೋಣೆಗೆ ಬಂದರೆ ಇಬ್ಬರಲ್ಲಿ ಒಬ್ಬರು ಏಳುತ್ತಿರಲಿಲ್ಲ.

ದೀಪಾವಳಿಯ ಗುಡಿಸುವ ಸಂಭ್ರಮದಲ್ಲಿ ಗುಟ್ಟು ಬಯಲಾಯಿತು. ತಾಯಿ ಬೈಯಲು ಬಾಯಿ ತೆರೆದರು, ಆದರೆ ಮಕ್ಕಳ ಮುಖ ನೋಡಿ ಸುಮ್ಮನಾದರು. ಬಾಲ್‌ಪೆನ್ನಿನ ಶಾಯಿ ಅಂದೇ ಹೇಳಿದ್ದರೆ ಸ್ಪಿರಿಟ್ಟಿನ ಹತ್ತಿಗೆ ಬಹುಪಾಲು ಏಳುತ್ತಿತ್ತು. ಕಾಫಿ ಅಂದೇ ಹೇಳಿದ್ದರೆ ತಣ್ಣೀರಿಗೆ ಹೋಗುತ್ತಿತ್ತು. ಹೋಗದೆ ಉಳಿದದ್ದು ಕಲೆಗಳ ತಪ್ಪಿನಿಂದಲ್ಲ, ಹೆದರಿಕೆಯಿಂದ. ಒಂದು ಬಟ್ಟೆಯನ್ನು ಉಳಿಸುವ ಆಸೆಯಲ್ಲಿ ಆ ಮನೆ ಇಬ್ಬರು ಮಕ್ಕಳಿಗೆ ಮುಚ್ಚಿಡುವ ವಿದ್ಯೆಯನ್ನು ಕಲಿಸಿತ್ತು. ಬಟ್ಟೆಯೂ ಉಳಿದಿರಲಿಲ್ಲ. ಆ ಸೋಫಾಕ್ಕೆ ಹೊಸ ಗವಸು ಹೊಲಿಸುವುದೆಂದು ತೀರ್ಮಾನವಾದಾಗ ತಾಯಿ ಮಕ್ಕಳಿಬ್ಬರನ್ನೂ ಅಂಗಡಿಗೆ ಕರೆದುಕೊಂಡೇ ಹೋದರು. ಕೂರುವವರು ಅವರು, ಕಲೆ ಮಾಡುವವರೂ ಅವರು. ಆರಿಸುವಾಗಲೂ ಅವರೇ ಇರಲಿ ಎಂದು.

ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಮೀಟರಿಗೆ ಎಷ್ಟು?’ ಎಂಬುದಲ್ಲ, ‘ಇದು ಯಾವ ನೂಲು?’ ಎಂಬುದು. ಹತ್ತಿಯ ಒಂದು ವಿಶೇಷವನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು: ಒದ್ದೆಯಾದಾಗ ಹತ್ತಿಯ ಎಳೆಯ ಬಲ ಕುಗ್ಗುವುದಿಲ್ಲ, ಸ್ವಲ್ಪ ಹೆಚ್ಚುತ್ತದೆ. ಅದಕ್ಕೇ ಅದು ಕಲ್ಲಿಗೆ ಬಡಿಸಿಕೊಂಡೂ ವರ್ಷಗಟ್ಟಲೆ ಬಾಳುತ್ತದೆ. ನೋಡಲು ರೇಷ್ಮೆಯಂತೆ ನುಣುಪಾಗಿರುವ ಸಾಮಾನ್ಯ ರೇಯಾನ್ ಇದಕ್ಕೆ ತದ್ವಿರುದ್ಧ. ನೀರಿನಲ್ಲಿ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದು ಕಿಟಕಿಯ ಪರದೆಗೆ ಒಪ್ಪೀತು, ತಿಂಗಳಿಗೊಮ್ಮೆ ಹಿಂಡಬೇಕಾದ ಗವಸಿಗೆ ಒಪ್ಪದು.

ಪಾಲಿಯೆಸ್ಟರ್ ಸವೆಯುವುದು ನಿಧಾನ, ಕುಗ್ಗುವುದು ಕಡಿಮೆ, ಒಣಗುವುದು ಬೇಗ. ಆದರೆ ಅದಕ್ಕೆ ನೀರಿನ ಸ್ನೇಹವಿಲ್ಲ. ಸಾಮಾನ್ಯ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವ ಹೀರಿಕೊಂಡರೆ, ಅಷ್ಟೇ ತೂಕದ ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಬೆವರನ್ನು ಹೀರದ ಬಟ್ಟೆಯ ಮೇಲೆ ಏಪ್ರಿಲ್ ತಿಂಗಳ ಮಧ್ಯಾಹ್ನ ಪರೀಕ್ಷೆಗೆ ಓದುವ ಹುಡುಗನ ಬೆನ್ನನ್ನು ಕೇಳಿದರೆ ಗೊತ್ತಾಗುತ್ತದೆ. ಮೇಲಾಗಿ ನೀರನ್ನು ದೂರವಿಡುವ ಈ ನೂಲಿಗೆ ಎಣ್ಣೆಯ ಜಿಡ್ಡಿನ ಮೇಲೆ ಮಾತ್ರ ಬಲು ಪ್ರೀತಿ. ಆದ್ದರಿಂದ ಎರಡನ್ನೂ ಬೆರೆಸಿ ನೇಯ್ದ ಬಟ್ಟೆ, ಅದರಲ್ಲಿ ಹತ್ತಿಯ ಪಾಲೇ ಹೆಚ್ಚಿರುವುದು, ನಿತ್ಯದ ಬಳಕೆಗೆ ಒಳ್ಳೆಯ ರಾಜಿ. ರೆಕ್ಸಿನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು, ನಿಜ. ಆದರೆ ಬೇಸಿಗೆಯಲ್ಲಿ ಅದು ತೊಡೆಗೆ ಅಂಟುತ್ತದೆ. ನಾಲ್ಕಾರು ವರ್ಷದಲ್ಲಿ ಬಿರುಕು ಬಿಟ್ಟರೆ ಹೊಲಿಯಲೂ ಬಾರದು, ಒಗೆಯಲೂ ಬಾರದು.

ನೂಲಿನ ನಂತರ ನೇಯ್ಗೆ. ಬಟ್ಟೆಯ ಉದ್ದಕ್ಕೆ ಓಡುವ ಎಳೆ ಹಾಸು, ಅಡ್ಡಕ್ಕೆ ಓಡುವುದು ಹೊಕ್ಕು. ಒಂದು ಬಿಟ್ಟು ಒಂದು ಮೇಲೆ ಕೆಳಗೆ ಹಾಯ್ದರೆ ಸಾದಾ ನೇಯ್ಗೆ. ಕ್ಯಾನ್ವಾಸ್ ಈ ಜಾತಿಯದು. ಎರಡು ಮೂರು ಎಳೆಗಳನ್ನು ಒಟ್ಟಿಗೆ ದಾಟಿ, ಪ್ರತಿ ಸಾಲಿನಲ್ಲೂ ಒಂದು ಎಳೆ ಪಕ್ಕಕ್ಕೆ ಸರಿದರೆ ಬಟ್ಟೆಯ ಮೇಲೆ ಓರೆ ಗೆರೆಗಳು ಮೂಡುತ್ತವೆ. ಅದೇ ಟ್ವಿಲ್. ಶಾಲೆಯ ಸಮವಸ್ತ್ರದ ಡ್ರಿಲ್ಲು, ಹುಡುಗರ ಜೀನ್ಸಿನ ಡೆನಿಮ್ಮು ಎರಡೂ ಟ್ವಿಲ್ಲಿನ ಮಕ್ಕಳು. ಈ ನೇಯ್ಗೆಯಲ್ಲಿ ಎಳೆಗಳನ್ನು ಒತ್ತೊತ್ತಾಗಿ ಕೂಡಿಸಬಹುದಾದ್ದರಿಂದ ಬಟ್ಟೆ ದಪ್ಪಗೂ ಗಟ್ಟಿಯಾಗಿಯೂ ಇದ್ದು ಸೊಗಸಾಗಿ ಬಾಗುತ್ತದೆ. ಸ್ಯಾಟಿನ್ನಿನಲ್ಲಿ ಎಳೆಗಳು ಮೇಲುಗಡೆ ಬಹುದೂರ ತೇಲುತ್ತವೆ. ಅದರ ಹೊಳಪಿಗೂ ಅದೇ ಕಾರಣ, ಬಳೆಯ ಕೊಂಡಿಗೆ ಸಿಕ್ಕಿ ಕಿತ್ತುಬರುವುದಕ್ಕೂ ಅದೇ ಕಾರಣ.

ಬಟ್ಟೆ ಎಷ್ಟು ಉಜ್ಜಾಟ ತಡೆದೀತು ಎಂದು ಅಳೆಯುವ ಯಂತ್ರವೂ ಇದೆ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಅದಕ್ಕೆ ಮಾರ್ಟಿಂಡೇಲ್ ಪರೀಕ್ಷೆ ಎಂದು ಹೆಸರು. ಬಟ್ಟೆಯ ತುಂಡನ್ನು ಗೊತ್ತಾದ ಒತ್ತಡದಲ್ಲಿ ಉಣ್ಣೆಯ ಬಟ್ಟೆಗೆ ಉಜ್ಜುತ್ತ, ಎಳೆ ಕಡಿಯುವವರೆಗೆ ಸುತ್ತುಗಳನ್ನು ಎಣಿಸುತ್ತಾರೆ. ಮನೆಯ ಸಾಧಾರಣ ಬಳಕೆಗೆ 20,000 ಸುತ್ತು ದಾಟಿದ ಬಟ್ಟೆ ಸಾಕು. ದೊಡ್ಡ ಕಂಪನಿಗಳ ಮಾದರಿ ಪುಸ್ತಕದ ಹಿಂಬದಿಯಲ್ಲಿ ಈ ಅಂಕಿ ಇರುತ್ತದೆ. ಥಾನಿನಿಂದ ಕತ್ತರಿಸಿ ಕೊಡುವ ಸಂತೆಪೇಟೆಯ ಅಂಗಡಿಯಲ್ಲಿ ಇರುವುದಿಲ್ಲ. ಅಲ್ಲಿ ಕಣ್ಣು ಮತ್ತು ಬೆರಳುಗಳೇ ಯಂತ್ರ.

ಮೇಷ್ಟರ ಮಗಳು ಅಂದು ಮಾಡಿದ್ದು ಅದನ್ನೇ. ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದಳು. ಜರಡಿಯಂತೆ ಕಂಡದ್ದನ್ನು ಬದಿಗಿಟ್ಟಳು. ಎರಡು ಹೆಬ್ಬೆರಳುಗಳ ನಡುವೆ ಓರೆಯಾಗಿ ಎಳೆದು ಬಿಟ್ಟಳು. ಎಳೆ ಸರಿದು ಕಿಂಡಿ ಬಿದ್ದದ್ದನ್ನೂ ಬದಿಗಿಟ್ಟಳು. ಬಟ್ಟೆಯ ಮೂಲೆಯನ್ನು ಉಜ್ಜಿದಾಗ ಬಿಳಿ ಪುಡಿ ಉದುರಿದರೆ ಅದು ಗಂಜಿಯ ಬಿಗಿ, ನೇಯ್ಗೆಯ ಬಿಗಿಯಲ್ಲ. ಮೊದಲ ಒಗೆತಕ್ಕೇ ಬಟ್ಟೆ ಸೊರಗುತ್ತದೆ. ಕೊನೆಗೆ ಬಿಳಿಯ ಕರ್ಚೀಫನ್ನು ಒದ್ದೆ ಮಾಡಿ ಬಟ್ಟೆಯ ಮೇಲೆ ಹತ್ತು ಸಲ ಉಜ್ಜಿದಳು. ಕರ್ಚೀಫಿಗೆ ಬಣ್ಣ ಹತ್ತಿದರೆ ನಾಳೆ ಕೂತವರ ಪಂಚೆಗೂ ಹತ್ತುತ್ತದೆ. ಅಂಗಡಿಯವನ ಹುಬ್ಬು ಮೇಲೇರಿತು. ಆದರೆ ಬಣ್ಣ ಬಿಡದ ಬಟ್ಟೆಯ ವ್ಯಾಪಾರಿಗೆ ಈ ಪರೀಕ್ಷೆಯಿಂದ ನಷ್ಟವೇನಿಲ್ಲ.

ಇನ್ನೂ ಒಳ್ಳೆಯ ಉಪಾಯವೆಂದರೆ ಮೊದಲ ದಿನ ಕಾಲು ಮೀಟರ್ ಮಾತ್ರ ಕೊಳ್ಳುವುದು. ಅದನ್ನು ಮನೆಗೆ ತಂದು ಉದ್ದ ಅಗಲ ಅಳೆದು ಬರೆದಿಟ್ಟು, ಮನೆಯಲ್ಲಿ ಒಗೆಯುವ ರೀತಿಯಲ್ಲೇ ಮೂರು ಸಲ ಒಗೆದು ಒಣಗಿಸಿ ಮತ್ತೆ ಅಳೆಯಬೇಕು. ಒಂದು ಮೂಲೆಗೆ ಎಣ್ಣೆ, ಇನ್ನೊಂದಕ್ಕೆ ಶಾಯಿ, ಮತ್ತೊಂದಕ್ಕೆ ಸಾರು ಹಚ್ಚಿ ತೊಳೆದು ನೋಡಬೇಕು. ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಅವರು ಅದನ್ನು ಪ್ರಯೋಗಶಾಲೆಯ ಗಾಂಭೀರ್ಯದಿಂದ ಮಾಡುತ್ತಾರೆ. ಕಲೆ ಮಾಡಿದ್ದಕ್ಕೆ ಬೈಸಿಕೊಳ್ಳದ ಅಪರೂಪದ ಅವಕಾಶವನ್ನು ಯಾವ ಮಗು ತಾನೇ ಬಿಟ್ಟೀತು!

ಅಳೆಯುವುದೇಕೆಂದರೆ ಹತ್ತಿ ಕುಗ್ಗುತ್ತದೆ. ನೇಯುವಾಗ ಮಗ್ಗದ ಮೇಲೆ ಬಿಗಿಯಾಗಿ ಎಳೆಸಿಕೊಂಡ ನೂಲು ನೀರು ಕಂಡೊಡನೆ ತನ್ನ ಸಹಜ ಸ್ಥಿತಿಗೆ ಮರಳುತ್ತದೆ. ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬಾತ 1930ರ ಸುಮಾರಿಗೆ ಬಟ್ಟೆಯನ್ನು ಗಿರಣಿಯಲ್ಲೇ ಕುಗ್ಗಿಸಿ ಮಾರುವ ವಿಧಾನ ಕಂಡುಹಿಡಿದ. ಥಾನಿನ ಅಂಚಿನಲ್ಲಿ ಕಾಣುವ ‘ಸ್ಯಾನ್‌ಫರೈಸ್ಡ್’ ಎಂಬ ಮುದ್ರೆ ಅವನ ಹೆಸರಿನದು. ಮುದ್ರೆಯಿಲ್ಲದ ಬಟ್ಟೆಯ ಲೆಕ್ಕ ಸುಲಭ. ನೂರಕ್ಕೆ ಐದರಷ್ಟು ಕುಗ್ಗಿದರೂ 24 ಅಂಗುಲದ ಗವಸು 22.8 ಅಂಗುಲಕ್ಕೆ ಬರುತ್ತದೆ. ಒಂದೂಕಾಲು ಅಂಗುಲ ಕಡಿಮೆಯಾದ ಗವಸಿನೊಳಗೆ ದಿಂಬನ್ನು ತುರುಕುವ ಕಷ್ಟ, ಕಳೆದ ವರ್ಷದ ಸಮವಸ್ತ್ರದೊಳಗೆ ಬೆಳೆದ ಹುಡುಗನನ್ನು ತುರುಕುವ ಕಷ್ಟದಂಥದೇ. ಆದ್ದರಿಂದ ಹತ್ತು ಮೀಟರ್ ಬೇಕಾದಲ್ಲಿ ಹನ್ನೊಂದು ತಂದು, ಇಡೀ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ದರ್ಜಿಯ ಕೈಗೆ ಕೊಡಬೇಕು. ಅಂಚಿನ ಪೈಪಿಂಗಿಗೆ ಬಳಸುವ ಹುರಿಯನ್ನೂ ಮರೆಯದೆ ನೆನೆಸಬೇಕು. ಬಟ್ಟೆ ಕುಗ್ಗದೆ ಹುರಿ ಮಾತ್ರ ಕುಗ್ಗಿದರೆ ಅಂಚೆಲ್ಲ ಸುಕ್ಕು.

ಬೆಲೆಯ ವಿಷಯದಲ್ಲೂ ಒಂದು ಲೆಕ್ಕವಿದೆ. ಮೀಟರಿಗೆ 200 ರೂಪಾಯಿಯ ಬಟ್ಟೆ ಎರಡು ವರ್ಷ, 350 ರೂಪಾಯಿಯದು ಆರು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ, ಹತ್ತು ಮೀಟರಿಗೆ ಹೊಲಿಗೆ ಕೂಲಿ 1,500 ಸೇರಿ ಮೊದಲನೆಯದಕ್ಕೆ 3,500, ಎರಡನೆಯದಕ್ಕೆ 5,000. ವರ್ಷಕ್ಕೆ ಹಂಚಿದರೆ ಅಗ್ಗದ ಬಟ್ಟೆಗೆ 1,750, ದುಬಾರಿ ಬಟ್ಟೆಗೆ 833. ಹೊಲಿಗೆಯ ಕೂಲಿ ಬಟ್ಟೆಯ ಗುಣ ನೋಡಿ ಕಡಿಮೆಯಾಗುವುದಿಲ್ಲ ಎಂಬುದನ್ನು ಅಗ್ಗ ಹುಡುಕುವವರು ಮರೆಯುತ್ತಾರೆ. ಹಾಗೆಂದು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಮಾತನ್ನೂ ಬಿಡಬೇಕಾಗಿಲ್ಲ. ಹಣ ಸಾಲದಿದ್ದರೆ ಈ ವರ್ಷ ಕೂರುವ ದಿಂಬುಗಳಿಗೆ ಮಾತ್ರ ಗಟ್ಟಿ ಬಟ್ಟೆ ಹೊಲಿಸಿ, ಬೆನ್ನಿನ ಭಾಗವನ್ನು ಮುಂದಿನ ವರ್ಷಕ್ಕೆ ಬಿಡಬಹುದು. ಮೊದಲು ಸವೆಯುವುದು ಆಸನವೇ.

ಊರು ನೋಡಿ ಬಟ್ಟೆ ಎಂಬುದೂ ಒಂದು ವಿವೇಕ. ಮಡಿಕೇರಿ, ಆಗುಂಬೆಯ ಮಳೆಗಾಲದಲ್ಲಿ ದಪ್ಪ ಕ್ಯಾನ್ವಾಸ್ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಮಲೆನಾಡಿಗೂ ಕರಾವಳಿಗೂ ಮಧ್ಯಮ ದಪ್ಪದ, ಸ್ವಲ್ಪ ಪಾಲಿಯೆಸ್ಟರ್ ಬೆರೆತ ಬಟ್ಟೆ ಲೇಸು. ವಿಜಯಪುರ, ಕಲಬುರಗಿಯ ಬಿಸಿಲಿಗೆ ಎಂಥ ದಪ್ಪ ಹತ್ತಿಯೂ ಮಧ್ಯಾಹ್ನದೊಳಗೆ ಒಣಗುತ್ತದೆ. ಅಲ್ಲಿನ ಶತ್ರು ಧೂಳು ಮತ್ತು ಬಣ್ಣ ಹಾರಿಸುವ ಬಿಸಿಲು. ಬಣ್ಣವನ್ನು ಆರಿಸುವಾಗ ಆ ಊರಿನ ಮಣ್ಣನ್ನು ಒಮ್ಮೆ ನೋಡುವುದು ಒಳ್ಳೆಯದು. ಪರ್ಷಿಯನ್ ಭಾಷೆಯಲ್ಲಿ ‘ಖಾಕ್’ ಎಂದರೆ ಮಣ್ಣು, ಧೂಳು. ಧೂಳು ಕಾಣದಿರಲೆಂದು ಧೂಳಿನದೇ ಬಣ್ಣ ಕೊಟ್ಟ ಬಟ್ಟೆ ಖಾಕಿ. 1851ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಜಾನ್ ಹಾಲರ್ ಅವರ ಹೆಸರು ಈ ಬಣ್ಣದ ಚರಿತ್ರೆಯೊಂದಿಗೆ ಸೇರಿಕೊಂಡಿದೆ. ಕೆಂಪು ಮಣ್ಣಿನ ಕೋಲಾರಕ್ಕೆ ಇಟ್ಟಿಗೆ ಬಣ್ಣ, ಎರೆಮಣ್ಣಿನ ಗದಗಿಗೆ ಬೂದು ಬಣ್ಣ ಒಪ್ಪುತ್ತದೆ. ಸಾದಾ ಬಣ್ಣಕ್ಕಿಂತ ಎರಡು ಬಣ್ಣದ ನೂಲಿನ ಚೌಕಳಿ, ಪಟ್ಟೆಗಳು ಸಣ್ಣ ಕಲೆಗಳನ್ನು ಕ್ಷಮಿಸುತ್ತವೆ. ಅಚ್ಚು ಹಾಕಿದ ವಿನ್ಯಾಸ ಸವೆದಂತೆ ಮಾಸಿದರೆ, ನೂಲಿಗೇ ಬಣ್ಣ ಹಾಕಿ ನೇಯ್ದದ್ದು ಎರಡು ಬದಿಯಲ್ಲೂ ಒಂದೇ ಬಣ್ಣವಾಗಿರುತ್ತದೆ.

ಇಂಥ ಬಟ್ಟೆಗೆ ಬಹಳ ದೂರ ಹೋಗಬೇಕಾಗಿಲ್ಲ. ನೆರೆಯ ಕಣ್ಣೂರಿನ ಕೈಮಗ್ಗಗಳು ಮನೆಯ ಹೊದಿಕೆ, ಪರದೆಗಳ ಗಟ್ಟಿ ಹತ್ತಿ ಬಟ್ಟೆಗೇ ಹೆಸರಾಗಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿವೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನೇಯುವ ಹತ್ತಿಯ ಜಮಖಾನೆಗೂ ಆ ಮಾನ್ಯತೆ ಇದೆ. ಅದು ನೆಲಕ್ಕೆ ಹಾಸಲು ಹುಟ್ಟಿದ್ದಾದರೂ ದಿವಾನದ ಮೇಲೆ ಹರವಿದರೆ ಯಾವ ಬೆಲೆಬಾಳುವ ಬಟ್ಟೆಗೂ ತಲೆಬಾಗುವುದಿಲ್ಲ.

ದರ್ಜಿಗೆ ಹೇಳಬೇಕಾದ ಮಾತುಗಳು ಕೆಲವೇ. ಹೊಲಿಗೆಗೆ ಪಾಲಿಯೆಸ್ಟರ್ ದಾರ. ಒಳಗೆ ಮುಕ್ಕಾಲು ಅಂಗುಲ ಬಟ್ಟೆ ಬಿಟ್ಟು ಎರಡು ಸಾಲು ಹೊಲಿಗೆ. ದಿಂಬು ಸರಾಗವಾಗಿ ಹೊರಬರುವಷ್ಟು ಉದ್ದದ ಜಿಪ್ಪು, ಇಲ್ಲವೇ ಹಳೆಯ ಕಾಲದ ಲಾಡಿ. ತೆಗೆಯಲು ಅರ್ಧ ಗಂಟೆ ಹೆಣಗಬೇಕಾದ ಗವಸನ್ನು ಯಾರೂ ಒಗೆಯುವುದಿಲ್ಲ. ಕೈಯಿಡುವ ತೋಳಿಗೆ ಮತ್ತು ತಲೆ ತಾಗುವ ಬೆನ್ನಿಗೆ ಅದೇ ಬಟ್ಟೆಯ ಬೇರೆ ತುಂಡುಗಳು. ಅವನ್ನು ವಾರಕ್ಕೊಮ್ಮೆ, ಉಳಿದದ್ದನ್ನು ತಿಂಗಳಿಗೊಮ್ಮೆ ಒಗೆದರೆ ಸಾಕು. ಒಳಗಿನ ಫೋಮನ್ನು ನೀರಿಗೆ ಹಾಕುವಂತಿಲ್ಲ. ಅದಕ್ಕೆ ತೆಳು ಹತ್ತಿಯ ಒಳಗವಸೊಂದು ಇರಲಿ.

ಮೇಷ್ಟರ ಮನೆಯಲ್ಲಿ ಹೊಸ ಗವಸಿನೊಂದಿಗೆ ಒಂದು ಹೊಸ ಕಾನೂನೂ ಬಂತು: ಚೆಲ್ಲಿದ್ದನ್ನು ಹೇಳಿದವರಿಗೆ ಬೈಗುಳವಿಲ್ಲ, ಒಗೆಯುವ ಕೆಲಸ ಮಾತ್ರ ಅವರದೇ. ಹಾಗಾಗಿ ಮಕ್ಕಳು ಕಲೆಗಳ ರಸಾಯನಶಾಸ್ತ್ರವನ್ನೂ ಕಲಿತರು. ಯಾವ ಕಲೆಯಾದರೂ ಮೊದಲು ಉಜ್ಜಬಾರದು, ಒಣ ಬಟ್ಟೆಯಿಂದ ಒತ್ತಿ ಹೀರಬೇಕು. ಹಾಲು, ಮೊಟ್ಟೆ, ರಕ್ತಕ್ಕೆ ತಣ್ಣೀರೇ ಸರಿ. ಬಿಸಿನೀರು ತಾಗಿದರೆ ಪ್ರೋಟೀನು ಬೆಂದು ಎಳೆಗೆ ಕಚ್ಚಿಕೊಳ್ಳುತ್ತದೆ. ಎಣ್ಣೆಗೆ ಸಾಬೂನು. ಬಾಲ್‌ಪೆನ್ನಿನ ಶಾಯಿಗೆ ಸ್ಪಿರಿಟ್ಟು, ಅದೂ ದೊಡ್ಡವರ ಎದುರಿನಲ್ಲಿ, ಒಲೆಯಿಂದ ದೂರ, ಮೊದಲು ಮರೆಯ ಮೂಲೆಯಲ್ಲಿ ಪರೀಕ್ಷಿಸಿ. ಅರಿಸಿನದ ಕಲೆ ಸಾಬೂನಿಗೆ ಕೆಂಪಾದಾಗ ತಮ್ಮ ಕೂಗಿಕೊಂಡ. ಕ್ಷಾರಕ್ಕೆ ಅರಿಸಿನ ಕೆಂಪಾಗುತ್ತದೆಂದು ಅಕ್ಕ ಪಾಠ ಹೇಳಿದಳು. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ಅರಿಸಿನದ ಬಣ್ಣ ತಾನಾಗಿಯೇ ತಿಳಿಯಾಗುತ್ತದೆ. ಬೇರೆ ದಿನ ಗವಸನ್ನು ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಬೇಕು.

ಪ್ರತಿ ಮನೆಯಲ್ಲೂ ಬಟ್ಟೆ ಕೊನೆಗೆ ಸವೆದೇ ಸವೆಯುತ್ತದೆ. ಉಪಯೋಗಿಸದೆ ಕಾಪಾಡಿದ ಮಖಮಲ್ಲೂ ಪ್ಲಾಸ್ಟಿಕ್ಕಿನಡಿ ಬೆವೆತು, ಮಡಿಕೆಯಲ್ಲಿ ಸೀಳುತ್ತದೆ. ಮಕ್ಕಳು ಓದಿ, ಕುಣಿದು, ನಿದ್ದೆ ಮಾಡಿ ಸವೆಸಿದ ಹತ್ತಿಗೆ ಮಾತ್ರ ಮುಂದೊಂದು ಜನ್ಮವಿದೆ. ಗಟ್ಟಿಯಿರುವ ಭಾಗ ತರಕಾರಿ ಚೀಲವಾಗುತ್ತದೆ, ಮೆತ್ತಗಾದದ್ದು ನೆಲ ಒರೆಸುವ ಬಟ್ಟೆಯಾಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಾದರೆ ಹಳೆಯ ಸೀರೆಗಳ ಜೊತೆ ಕೌದಿಯೊಳಗೆ ಸೇರಿಕೊಂಡು, ಹಾಸ್ಟೆಲ್ಲಿಗೆ ಹೊರಟ ಮಗಳ ಟ್ರಂಕಿನ ತಳದಲ್ಲಿ ಹೊಸ ಊರಿಗೂ ಹೋಗುತ್ತದೆ.